ಕರೆಗಂಟೆ

ಶನಿವಾರ ಸಂಜೆ, ಬಾರ್ನ್ಸ್‌ಲಿಯ ಹಿಂಬೀದಿ.
ಇಟ್ಟಿಗೆ ಗೋಡೆಯಾಚೆಯಿಂದ ಓಲ್ಡ್‌ರಾಯ್ಡ್ ಕೂಗಿದ:
‘ಇಂಡೀ, ಸತ್ತೇ ಹೋಯ್ತು!’

ಇಂದುಧರ ಎಂಬುದು ಅವನ ನಾಲಿಗೆಗೆ ಒಗ್ಗಲಿಲ್ಲ.
ಇಂಡಿ ಅಂದರೆ ನಮ್ಮ ಕಡೆ ಒಂದು ತಾಲೂಕು,
ಅಲ್ಲಿ ನಿಂಬೆ ಬೆಳೆಯುತ್ತಾರೆ ಅಂತ
ಎರಡು ಸಲ ಹೇಳಿದೆ. ಆಮೇಲೆ ಓಗೊಡಲು ಕಲಿತೆ.

ಹಕ್ಕಿ ಅಂದುಕೊಂಡು ಓಡಿದೆ.
ನಲವತ್ತು ಪಾರಿವಾಳ ಸಾಕಿದವನ ಮನೆಯಲ್ಲಿ
ಸಾಯುವುದಿದ್ದರೆ ಹಕ್ಕಿಯೇ ತಾನೆ.
ಅಲ್ಲ, ಕಂಪ್ಯೂಟರು.
ಕ್ಲಬ್ಬಿನ ಹದಿನಾಲ್ಕು ವರ್ಷದ ಲೆಕ್ಕ ಅದರ ಹೊಟ್ಟೆಯಲ್ಲಿ.
ಬೆಳಿಗ್ಗೆ ಫ್ರಾನ್ಸಿನಲ್ಲಿ ಬಿಟ್ಟ ಹಕ್ಕಿಗಳು
ಎಷ್ಟು ಗಂಟೆಗೆ ಯಾರ ಗೂಡಿಗೆ ಇಳಿದವು
ಎಂಬುದನ್ನು ರಾತ್ರಿಯೊಳಗೆ ಅದಕ್ಕೆ ಉಣಿಸಬೇಕು.
ಸೆಕ್ರೆಟರಿ ಅವನೇ. ಬೈಸಿಕೊಳ್ಳುವವನೂ ಅವನೇ.

ಮೇಜಿನ ಕೆಳಗೆ ಮಂಡಿಯೂರಿದೆ.
ಕಪ್ಪು ಡಬ್ಬಿ, ಹೆಣಭಾರ. ಹಣೆಯಲ್ಲಿ ದೀಪವಿಲ್ಲ.
ಗುಂಡಿ ಒತ್ತಿದರೆ
ಸಾಲ ತಗೊಂಡವನ ಬಾಗಿಲು ತಟ್ಟಿದ ಹಾಗೆ:
ಒಳಗೇ ಇದ್ದಾನೆ, ಉಸಿರು ಬಿಡುತ್ತಿಲ್ಲ.

ಗೋಡೆಯ ಸ್ವಿಚ್ಚು ಹಾಕಿಯೇ ಇತ್ತು.
ಈ ದೇಶದ ಪ್ಲಗ್ಗಿಗೆ ಮೂರು ದಪ್ಪ ಹಲ್ಲು,
ಬಾಯೊಳಗೊಂದು ಫ್ಯೂಸು.
ಕಿತ್ತು ಟೇಬಲ್ ಲ್ಯಾಂಪಿಗೆ ಹಾಕಿದೆ, ಉರಿಯಿತು.
ಬೆನ್ನಿನ ಪುಟ್ಟ ಸ್ವಿಚ್ಚು ಸರಿ.
ಮಾನಿಟರಿನ ಕೇಬಲ್ಲು ತೆಗೆದು ಇದಕ್ಕೆ ಚುಚ್ಚಿದೆ. ಊಹೂಂ.
‘ನಾನು ಒದ್ದೂ ನೋಡಿದೆ’ ಎಂದ ಓಲ್ಡ್‌ರಾಯ್ಡ್,
ಅದೂ ಒಂದು ಪರೀಕ್ಷೆ ಎಂಬಂತೆ.

ಆಸ್ಪತ್ರೆಯಲ್ಲಿ ನಾನು ರಿಪೇರಿ ಮಾಡುವ ಪಂಪುಗಳು
ಕೆಟ್ಟರೆ ಕಿರುಚುತ್ತವೆ,
ಇಡೀ ವಾರ್ಡಿಗೆ ಕೇಳುವಂತೆ ಚಾಡಿ ಹೇಳುತ್ತವೆ.
ಮೌನವಾಗಿ ಕೆಡುವುದರ ಜೊತೆ ನನಗೆ ರೂಢಿ ಕಡಿಮೆ.

ಪಕ್ಕದ ತಗಡು ಬಿಚ್ಚಿದೆ.
ಅಬ್ಬಾ, ಒಳಗೊಂದು ಗೂಡು!
ನವಿರು ಪುಕ್ಕ, ಕಾಳಿನ ಹೊಟ್ಟು,
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ಬೂದುಬಣ್ಣದ ಧೂಳು.
ಬಣ್ಣ ಬಳಿಯುವ ಕುಂಚದಿಂದ ಗುಡಿಸುವಾಗ
ಅವನು ಸೀನಿದ, ಕ್ಷಮೆ ಕೇಳಿದ, ಟೀ ತಂದಿಟ್ಟ.

ಪ್ಲಗ್ಗು ಕಿತ್ತೆ. ದಪ್ಪ ತಂತಿಜಡೆ ಬಿಡಿಸಿದೆ.
ಹಸಿರಿಗೂ ಕರಿಗೂ
ಕ್ಲಬ್ಬಿನ ರಸೀದಿಗಳಿಂದ ಕದ್ದ ಪೇಪರ್ ಕ್ಲಿಪ್ಪಿನ ಸೇತುವೆ.
ಮತ್ತೆ ಪ್ಲಗ್ಗು. ಪವರ್ ಸಪ್ಲೈನ ಫ್ಯಾನು
ಗೊರ್ರೆಂದು ತಿರುಗಿತು.
ಅಂದರೆ ನೀರು ಬರುತ್ತಿದೆ, ಕೆಟ್ಟದ್ದು ನಲ್ಲಿ.

ಜಡೆ ಮತ್ತೆ ಹೆಣೆದು, ಬೋರ್ಡಿನ ಮೂಲೆಯಲ್ಲಿ
ಟಾರ್ಚು ಹಿಡಿಸಿ ಹುಡುಕಿದೆ:
ಗುಂಡಿಯಿಂದ ಬಂದ ಎರಡು ಸಣ್ಣ ತಂತಿ,
ಎರಡು ಸೂಜಿಮೊನೆ.
ತಂತಿ ಕಿತ್ತು, ಸ್ಕ್ರೂಡ್ರೈವರಿನ ತುದಿಯಿಂದ
ಎರಡನ್ನೂ ಒಮ್ಮೆಗೇ ಮುಟ್ಟಿದೆ.
‘ಏಳಪಾ’ ಅಂದೆ, ಗೊತ್ತಿಲ್ಲದೆ.

ಎದ್ದಿತು.
ಟಕ್ ಎಂದು, ಬೀಪ್ ಎಂದು,
ಏನೂ ಆಗಿಯೇ ಇಲ್ಲವೆಂಬ ಮುಖ ಮಾಡಿಕೊಂಡು.

ಮೆದುಳು ಸರಿ, ನೆನಪು ಸರಿ, ನರನಾಡಿ ಸರಿ.
ಸತ್ತದ್ದು ಗುಂಡಿಯೊಂದೇ.
ಹದಿನಾಲ್ಕು ವರ್ಷ ಒಂದೇ ಹೆಬ್ಬೆರಳು ತಿಂದು
ಸವೆದುಹೋದ ಮೂರು ಕಾಸಿನ ಸ್ಪ್ರಿಂಗು.

ಅಂಗಡಿಗಳು ಮುಚ್ಚಿದ್ದವು.
ಓಲ್ಡ್‌ರಾಯ್ಡ್ ಮುಂಬಾಗಿಲಿಗೆ ಹೋಗಿ
ಹಿತ್ತಾಳೆಯ ಕರೆಗಂಟೆ ಗುಂಡಿಯನ್ನೇ ಕಿತ್ತುತಂದ.
‘ನಮ್ಮ ಬೀದಿಯಲ್ಲಿ ಎಲ್ಲರೂ ಹಿತ್ತಿಲಿಂದಲೇ ಬರುವುದು.
ಮುಂದೆ ಬಂದು ಗಂಟೆ ಒತ್ತುವವರು
ಪೊಲೀಸರು ಇಲ್ಲ ಪಾದ್ರಿ.’
ತಂತಿ ಸುತ್ತಿ, ಟೇಪು ಹಚ್ಚಿ,
ಡಬ್ಬಿಯ ನೆತ್ತಿಗೆ ಅಂಟಿಸಿದೆ.
ಅದರ ಪಕ್ಕ, ಫ್ಲ್ಯಾಟುಗಳ ಬಾಗಿಲಲ್ಲಿ ಹೆಸರಿರುವ ಹಾಗೆ,
ಮಾರ್ಕರಿನಿಂದ ದಪ್ಪಗೆ ಬರೆದ: ಇಂಡಿ.
ನನ್ನ ಹೆಸರಲ್ಲವಲ್ಲ ಅದು.
ಇರಲಿ, ನಿಂಬೆಯೂರಿಗೂ ಒಂದು ವಿಳಾಸ ಸಿಕ್ಕಿತು.

ಆಮೇಲೆ ಕನ್ನಡಕ ಏರಿಸಿ ಕೂತ.
ಒಂದೊಂದೇ ಬೆರಳಲ್ಲಿ
ಉಂಗುರದ ಸಂಖ್ಯೆ, ಗಂಟೆ, ನಿಮಿಷ.
ಕ್ಲಬ್ಬಿನವರದೆಲ್ಲ ಆಯಿತು. ಅವನವು ಹನ್ನೆರಡು;
ಹನ್ನೊಂದರ ಸಾಲು ತುಂಬಿತು.
ಟೀ ಆರಿಹೋಗಿತ್ತು, ಕಿಟಕಿಯಾಚೆ ಬೆಳಕು ಕೂಡ.
ಗೂಡಿನ ಬಾಗಿಲು ಇನ್ನೂ ತೆರೆದೇ ಇತ್ತು.

‘ಆರಿಸಲೇ?’ ಎಂದೆ, ಹಿತ್ತಾಳೆಯ ಮೇಲೆ ಬೆರಳಿಟ್ಟು.
‘ಬೇಡ. ಆ ನೀಲಿ ಹೆಣ್ಣು ಬರಬೇಕು’ ಎಂದ.
ಖಾಲಿ ಖಾನೆಯಲ್ಲಿ
ಒಂದು ಗೆರೆ ಮಿಣುಕುತ್ತಿತ್ತು.