ಚೆಕ್ಕುಬಂದಿ

ಗುಡ್ಡೆಹೊಸೂರು ದಾಟಿ ಎಡಕ್ಕೆ. ಗೇಟಿನಲ್ಲಿ ಹೆಸರು ಬರೆಸಿ,
ಬ್ಯಾಟರಿ ಗಾಡಿಯಲ್ಲಿ ಹಿಮ್ಮುಖವಾಗಿ ಕೂತೆವು
ನಾನು, ದೇಚು, ಅವಳ ಮಂಡಿಯ ಎಕ್ಸ್‌ರೇ.
ಮುನ್ನೂರ ಹನ್ನೆರಡು ಮನೆ, ಆರು ಕೇರಿ.
ಅರವತ್ತು ತುಂಬದವರು ರಾತ್ರಿ ತಂಗಲು ಅಪ್ಪಣೆ ಬೇಕಂತೆ.
"ಎಲ್ಲ ಕೇರಿಗೂ ಹೊಳೆಯ ಹೆಸರು ಸಾರ್," ಅಂದಳು ಜೆಸಿಂತಾ,
ವಿರಾಜಪೇಟೆಯ ಹುಡುಗಿ, ಕೊರಳಲ್ಲಿ ಬೀಗದಕೈಗಳ ಮಾಲೆ.
ಹೊಳೆ ಯಾವುದೂ ಕಾಣಲಿಲ್ಲ.

ಮೂವತ್ತಮೂರು ವರ್ಷ ಸರ್ವೆ ಇಲಾಖೆ.
ಊರವರ ಬಾಣೆ, ಗದ್ದೆ, ತೋಡು, ಜಗಳ, ಎಲ್ಲ ಅಳೆದೆ.
ಇದ್ದದ್ದು ಕ್ವಾರ್ಟರ್ಸು; ಗೋಡೆಗೆ ಮೊಳೆ ಹೊಡೆಯಲೂ ಅರ್ಜಿ.
ನನ್ನದೆಂದು ಒಂದು ಕಲ್ಲು ನೆಟ್ಟವನಲ್ಲ.

ಮೊದಲ ಕೇರಿಯಲ್ಲಿ ಕಿಟಕಿ ತುಂಬ ಬೆಟ್ಟ.
ಬೆಟ್ಟಕ್ಕೆ ಬೇರೆ ದರ.
ನಾನು ಹಿತ್ತಲಿಗೆ ಹೋದೆ. ತುಂಬಿದ ಮಣ್ಣೆಷ್ಟು, ಹಳೆ ಮಣ್ಣೆಷ್ಟು,
ನೀರು ಎಲ್ಲಿಗೆ ಹೋಗುತ್ತದೆ?
"ಡ್ರೈನೇಜ್ ಇದೆ ಸಾರ್."
ಇರಲಿ. ಆ ಆಗಸ್ಟಿನಲ್ಲಿ, ನಾನೊಮ್ಮೆ ಅಳೆದ ಹದಿನಾಲ್ಕು ಸರ್ವೆ ನಂಬರು
ಮರ, ಬೇಲಿ, ಕಲ್ಲು ಸಮೇತ
ನಕ್ಷೆ ಬಿಟ್ಟು ಇಳಿದುಹೋಗಿದ್ದವು.
ನೆರೆ ಅಂದರೆ ನಮ್ಮಲ್ಲಿ ಎರಡು:
ಮನೆ ಪಕ್ಕ ಇರುವುದೊಂದು, ಮನೆಯೊಳಗೆ ಬರುವುದೊಂದು.
ಈ ವಯಸ್ಸಿಗೆ ಎರಡನ್ನೂ ನೋಡಿಯೇ ಮನೆ ಹಿಡಿಯಬೇಕು.

ಎರಡನೆಯ ಕೇರಿ ತೀರಾ ಮೌನ. ನಾಲ್ಕನೆಯದರಲ್ಲಿ
ಕರ್ನಲ್‌ಗಳೇ ಜಾಸ್ತಿ, ಹುಲ್ಲಿಗೂ ಕ್ರಾಪು.
ದೇಚು ಮನೆ ನೋಡುವುದೇ ಇಲ್ಲ,
ಒಣಹಾಕಿದ ಬಟ್ಟೆ ನೋಡುತ್ತಾಳೆ:
"ಇಲ್ಲಿ ಒಬ್ಬರೇ. ಇಲ್ಲೂ ಒಬ್ಬರೇ.
ಇಲ್ಲಿ ಇಬ್ಬರು, ಮಾತಿಲ್ಲ. ನೋಡಿ, ಎರಡು ಹಗ್ಗ."
ಈ ಬಗೆಯ ಸರ್ವೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಐದನೆಯದು ಅಡುಗೆಮನೆಯ ಹಿಂದೆ. ಒಗ್ಗರಣೆ ಘಾಟು,
ಪಾತ್ರೆ ಸದ್ದು, ಕಮ್ಮಿ ದರ.
ಇವಳು ಗಾಡಿ ನಿಲ್ಲಿಸಿದಳು.
ಪಕ್ಕದ ಜಗಲಿಯಲ್ಲಿ ಬನಿಯನ್ನು ತೊಟ್ಟು
ಪರಂಗಿಮಾಳಿನ ತೊಟ್ಟು ಬಿಡಿಸುತ್ತಿದ್ದವನು ತಲೆ ಎತ್ತಿದ.
ಮೊಣ್ಣಪ್ಪ.
ಬಲ್ಲಮಾವಟಿ. ತೊಂಬತ್ತಾರರ ಜೂನ್.
ನಾನು ನೆಟ್ಟ ಕಲ್ಲಿನಿಂದ ಮೂರಡಿ ಕಳಕೊಂಡವ,
ಮೂರಡಿಯಲ್ಲಿದ್ದ ಹಲಸಿನ ಮರವನ್ನು, ಮರದಾಚೆಯ ತಮ್ಮನನ್ನು.
ನಾಪೋಕ್ಲು ಸಂತೆಯಲ್ಲಿ ಎದುರಾದಾಗಲೆಲ್ಲ
ನನ್ನ ಹಿಂದಿನ ಗೋಡೆ ನೋಡುತ್ತಿದ್ದ.

"ಆರನೆಯ ಕೇರಿಯೂ ನೋಡೋಣ," ಅಂದೆ.
ದೇಚು ಆಗಲೇ ಇಳಿದು, ಅವನ ಮೊರಕ್ಕೆ ಕೈ ಹಾಕಿ,
"ಹಣ್ಣು ಬೇರೆ ಕಾಯಿ ಬೇರೆ ಮಾಡಬಾರದಾ," ಎಂದು ಗದರುತ್ತಿದ್ದಳು.
"ಬೇಲಿ ಹಾಕುವಂತಿಲ್ಲ ಸಾರ್ ಇಲ್ಲಿ," ಇದು ಜೆಸಿಂತಾ,
"ಮಂಡಿಯೆತ್ತರದ ಗಿಡ ಅಷ್ಟೇ. ಎರಡು ಮನೆಗೂ ಒಂದೇ ಅಂಗಳ."

ಮೊಣ್ಣಪ್ಪ ಬಹಳ ಹೊತ್ತು ನೋಡಿದ.
"ಆ ಕಲ್ಲು ಸರಿಯಿತ್ತಾ?"
ಇಷ್ಟು ವರ್ಷ ಇದನ್ನೇ ದವಡೆಯಲ್ಲಿಟ್ಟುಕೊಂಡಿದ್ದವನ ಹಾಗೆ.
ಸರಿಯಿತ್ತು ಎನ್ನಲು ಹೊರಟೆ. ಟಿಪ್ಪಣಿಯಲ್ಲಿ ಸರಿಯೇ ಇದೆ.
ಆದರೆ ಅವತ್ತು ಮಳೆ, ಜಿಗಣೆ,
ಸರಪಳಿ ಹಿಡಿದ ಹುಡುಗನಿಗೆ ಚಳಿಜ್ವರ,
ನೂರು ಕೊಂಡಿಯಲ್ಲಿ ಒಂದು ಸವೆದು ಬಾಯಿ ಬಿಟ್ಟಿತ್ತು.
ನಾನು ನೋಡಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

"ಮೂರಡಿ ಅಲ್ಲ. ಅರ್ಧ ಅಡಿ ನಿಮ್ಮದಿರಬಹುದು."
ಅವನು ನಕ್ಕನೋ, ಕೆಮ್ಮಿದನೋ, ಮಾಳಿನ ಘಾಟೋ.
"ಮತ್ತೆ ಹಲಸಿನ ಮರ?"
"ಗೊತ್ತಿಲ್ಲ."
"ಹ್ಞೂಂ," ಅಂದ. ಮೊರ ಸ್ವಲ್ಪ ಸರಿಸಿ ಜಾಗ ಮಾಡಿದ,
ನನಗೋ, ಅವಳಿಗೋ.

ಕಚೇರಿಯಲ್ಲಿ ಅರ್ಜಿಗೆ ಕೂತೆ. ಚೆಕ್ಕುಬಂದಿಯ ಅಂಕಣ ಅವರಲ್ಲಿಲ್ಲ,
ನಾನೇ ಗೀಟು ಹಾಕಿಕೊಂಡೆ.
ಪೂರ್ವಕ್ಕೆ ರಸ್ತೆ. ಉತ್ತರಕ್ಕೆ ಅಡುಗೆಮನೆ.
ದಕ್ಷಿಣಕ್ಕೆ ನೀರು ಹೋಗುವ ದಾರಿ, ಖುದ್ದು ನಡೆದು ನೋಡಿದ್ದು.
ಪಶ್ಚಿಮಕ್ಕೆ ಪೆನ್ನು ನಿಂತಿತು.
ಉರಿಯುವ ಬೆರಳುಗಳನ್ನು ಕಣ್ಣಿನಿಂದ ದೂರ ಹಿಡಿದು ನಿಂತ ದೇಚು
"ಎಷ್ಟು ಹೊತ್ತು," ಅಂದಳು, "ಮೊಣ್ಣಪ್ಪ ಅಂತ ಬರೀರಿ."