ಅರವತ್ತೊಂದು ದಿನ

ಜೂನ್ ಒಂದಕ್ಕೆ ಬೈತಖೋಲಿನಲ್ಲಿ
ಬೋಟುಗಳೆಲ್ಲ ಮೈಗೆ ಮೈ ತಾಗಿಸಿ ನಿಂತವು.
ಜುಲೈ ಮುಗಿಯುವವರೆಗೆ ಕಡಲಿಗಿಳಿಯುವಂತಿಲ್ಲ,
ಸರಕಾರದ ಲೆಕ್ಕ: ಮರಿಮೀನು ದೊಡ್ಡದಾಗಬೇಕು.
ನಾನು ಮನೆಯಲ್ಲಿ.

ಮಂಗಳವಾರ ಕೋಡಿಬಾಗದಿಂದ ಒಲಿಂಡಾ ಬಾಯಿ ಬರುತ್ತಾರೆ,
ಕೊಡೆ ಬಾಗಿಲ ಹೊರಗೆ, ಚಪ್ಪಲಿ ಅದರ ಕೆಳಗೆ.
ಹಿಂದೆಲ್ಲ ಅವರನ್ನು ಫೋನಿನಲ್ಲಷ್ಟೇ ಕೇಳಿದ್ದೆ,
ಇಂಜಿನ್ನಿನ ಗದ್ದಲದಲ್ಲಿ, ಅರ್ಧಂಬರ್ಧ:
"...ಕಾಲು ಬಿಗಿ... ಸ್ನಾಯು... ದಿನಾ ಮಾಡಬೇಕು..."
ಆ 'ದಿನಾ'ವನ್ನು ನಾನು ಸುಲಕ್ಷಾಳಿಗೆ ಬಿಟ್ಟಿದ್ದೆ.

ಈ ಸಲ ಚಾಪೆಯ ಮೇಲೆ ನನಗೂ ಜಾಗ ಮಾಡಿದರು.
ಮಾನಸಿಗೆ ಎರಡೂವರೆ ವರ್ಷ.
ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು,
ಹಿಮ್ಮಡಿ ನೆಲ ಮುಟ್ಟಿದ್ದನ್ನು ನಾನು ನೋಡಿಲ್ಲ.
"ಹಿಡಿಯಿರಿ" ಎಂದರು. ಹಿಡಿದೆ.
ಹದಿನೆಂಟು ವರ್ಷ ಹಗ್ಗ ಎಳೆದ ಕೈ. ಎಳೆದೆ.
ಮಗು ಕಿರುಚಿತು. ಒಳಗಿನಿಂದ ಆಯಿ ಓಡಿ ಬಂದಳು,
ಕೈತುಂಬ ಮೀನಿನ ಹುರುಪೆ ಮೆತ್ತಿಕೊಂಡೇ.

ಒಲಿಂಡಾ ಬಾಯಿ ಬೈಯಲಿಲ್ಲ.
"ಬಲೆಯಲ್ಲಿ ಗಂಟು ಬಿಗಿದರೆ ಏನು ಮಾಡ್ತೀರಿ?"
ಎಳೆಯುವುದಿಲ್ಲ, ಅಂದೆ. ಎಳೆದರೆ ಇನ್ನೂ ಬಿಗಿ.
ದಾರವನ್ನು ಒಳಕ್ಕೆ ದೂಡಬೇಕು, ಬೆರಳಲ್ಲಿ ಉಜ್ಜಬೇಕು,
ಅದು ಬಿಡುವವರೆಗೆ ಬೇರೆ ಏನಾದರೂ ಮಾತಾಡುತ್ತಿರಬೇಕು.
ಅವರು ಚೀಲದಿಂದ ಡೈರಿ ತೆಗೆದು
ನಾನು ಹೇಳಿದ್ದನ್ನು ಬರೆದುಕೊಂಡರು.
ಪೊಲೀಸ್ ಠಾಣೆಯಲ್ಲಿ ಒಂದು ಸಲ ಬಿಟ್ಟರೆ
ನನ್ನ ಮಾತು ಯಾರೂ ಬರೆದದ್ದಿಲ್ಲ.

ಹಿಮ್ಮಡಿ ಅಂಗೈಯಲ್ಲಿ. ಪಾದ ಮೆಲ್ಲಗೆ ಮೇಲಕ್ಕೆ.
ಮೂವತ್ತು ಎಣಿಸುವವರೆಗೆ ತಡೆದು ಹಿಡಿಯುವುದು.
ಸುಲಕ್ಷಾ ಎಣಿಸಿದರೆ ಮೂವತ್ತು ಮೂವತ್ತೇ.
ಆಯಿಯದು ಬಂಗಡೆಯ ಲೆಕ್ಕ: ಐದು, ಐದು, ಐದು,
ಆರು ಸಲ ಎತ್ತಿ ಹಾಕಿದರೆ ಮುಗಿಯಿತು.
ಅಷ್ಟು ಬೇಗ ಅಲ್ಲ ಆಯೀ, ಎಂದರೆ
"ಗಿರಾಕಿ ನಿಂತಿರುವಾಗ ನಿಧಾನ ಯಾರಿಗೆ ಬರ್ತದೆ?"
ಕೊನೆಗೆ ಅವಳೇ ಹುಡುಕಿದ ದಾರಿ:
ಐದಕ್ಕೊಮ್ಮೆ ಕೇರಿಯ ಒಬ್ಬರ ಹೆಸರೆತ್ತಿ ಒಂದು ಚಾಡಿ.
ಮೂವತ್ತಕ್ಕೆ ಆರು ಮನೆ.
ಮಗು ಕೇಳುತ್ತ ಕೇಳುತ್ತ ಕಾಲು ಮರೆಯುತ್ತದೆ.
ಡೈರಿಯಲ್ಲಿ ಅದೂ ಇದೆ.

ಎಲ್ಲ ದಿನ ಹೀಗಿರಲಿಲ್ಲ.
ಕರೆಂಟು ಹೋದ ಸಂಜೆ, ಕೈಯಲ್ಲಿ ದುಡ್ಡಿಲ್ಲದೆ
ನಾನೂ ಸುಲಕ್ಷಾಳೂ ಜಗಳಾಡಿದ್ದೇವೆ,
ಚಾಪೆ ಬಿಚ್ಚದೆ ಮಲಗಿದ್ದೇವೆ.
ಹಾಳೆಯಲ್ಲಿ ಖಾಲಿ ಉಳಿದ ನಾಲ್ಕು ಚೌಕಗಳಿಗೆ
ಮಂಗಳವಾರ ಬೆಳಿಗ್ಗೆ ನಾನು ಸುಳ್ಳು ಗೀಟು ಹಾಕಿದೆ.
ಬಾಯಿ ಹಾಳೆ ನೋಡಲಿಲ್ಲ, ಕಾಲು ಮುಟ್ಟಿದರು.
"ನಾಲ್ಕು ದಿನ ಆಗಿಲ್ಲ, ಅಲ್ವಾ?"
ನಾನು ಕೊಡೆಯ ಕಡೆ ನೋಡಿದೆ.
ಅವರೇ ಹಾಳೆ ಮಡಚಿ ಚೀಲಕ್ಕೆ ಹಾಕಿದರು.
"ಯಾವಾಗ ಆಗ್ತದೆ ನಿಮಗೆ, ಅದನ್ನು ಹೇಳಿ."

ಹಾಗೆ ಚಹಾ ಕುದಿಯುವಾಗ ಒಂದು ಕಾಲು,
ಗಂಜಿ ಬಸಿಯುವಾಗ ಇನ್ನೊಂದು.
ನಿಲ್ಲುವುದಕ್ಕೆ ಐಸಿನ ಕ್ರೇಟು, ನೀಲಿಯದು,
ಬೋರಲು ಹಾಕಿ ಅಂಚಿಗೆ ಹಳೆ ಬಲೆ ಸುತ್ತಿದೆ.
ಮೇಲೆ ಬಲೆಯ ಬೆಂಡುಗಳು, ಮಾನಸಿ ಎತ್ತಿ ಎಸೆಯಲೆಂದು.
ಎಸೆಯುವಾಗ ನಿಲ್ಲುತ್ತಾಳೆ.
ನಿಂತದ್ದು ತನಗೆ ಗೊತ್ತಾದರೆ ಕೂತುಬಿಡುತ್ತಾಳೆ.
ಜುಲೈ ಮೂವತ್ತೊಂದಕ್ಕೆ: ನಾಲ್ಕು ಎಣಿಸುವಷ್ಟು.

ಈಗ ಬಲೆ ಇಳಿಬಿಟ್ಟು ಕೂತಾಗ
ಅಂಗೈ ತಾನಾಗಿ ಒಂದು ಸಣ್ಣ ಹಿಮ್ಮಡಿಯ
ಅಳತೆಗೆ ಮಡಚಿಕೊಳ್ಳುತ್ತದೆ.
ಮೂವತ್ತು ಎಣಿಸಿ ಬಿಡುತ್ತೇನೆ.

ಐದನೆಯ ರಾತ್ರಿ, ದೇವಗಡದ ದೀಪ ಕಂಡು
ಸಿಗ್ನಲ್ಲು ಬಂದ ಒಂದು ಗಳಿಗೆ,
ಸುಲಕ್ಷಾ "ಹನ್ನೊಂದು" ಎಂದಳು.
ಹಿಂದೆ ಆಯಿಯ ನಗು, ಕ್ರೇಟು ಜರುಗಿದ ಸದ್ದು.
ಕಟ್ಟಾಯಿತು.

ಹನ್ನೊಂದು! ಎಂದೆ, ಜೋರಾಗಿ.
ಚುಕ್ಕಾಣಿಯ ಹತ್ತಿರದಿಂದ ತಾಂಡೇಲ ಕೇಳಿದ:
"ಏನು, ಬಾಕ್ಸಾ?"