ಹಸಕೊಂಡು ಬಾ

ಮೂವತ್ತೊಂದು ವರ್ಷದ ಮ್ಯಾಲೆ
ಸೊಲ್ಲಾಪುರದಿಂದ ಫೋನ್ ಮಾಡಿ
ಮೊದಲ ಮಾತು ಇದನ್ನ ಕೇಳಬೇಕಾ ಕುಸುಮಾ,
ಹುಬ್ಬಳ್ಳ್ಯಾಗ ಈಗ ಎಲ್ಲಿ ಉಣಬೇಕಂತ?
ಆಗಲಿ. ಬರಕೋ.

ಗಾಡಿ ಇಳದ ಕೂಡಲೆ ಏನೂ ತಿನಬ್ಯಾಡ.
ಪ್ಲಾಟ್‌ಫಾರ್ಮ್ ಎಷ್ಟುದ್ದ ಬೆಳದೈತಿ ಅಂದ್ರ
ಈ ತುದಿಗೆ ಇಳದಾಕಿ ಆ ತುದಿ ಮುಟ್ಟೂದ್ರಾಗ
ಹಸಿವು ತಾನ ಬರತೈತಿ.
ಹೊರಗ ಹಸಿರು ಛತ್ರಿ ಹಿಡಕೊಂಡು ನಿಂತಿರತೀನಿ.
ಕೂದಲಕ್ಕ ಬಣ್ಣ ಹಚ್ಚೂದು ಬಿಟ್ಟೀನಿ, ಅದಕ್ಕ ಹೇಳಿದೆ.

ಮೊದಲು ಗಿರಮಿಟ್ಟು.
ದುರ್ಗದಬೈಲಿನ್ಯಾಗ, ಸಂಜಿ ಆರರ ಮ್ಯಾಲೆ,
ಬಳಿ ಅಂಗಡಿ ಬಾಜೂಕ ಈರಬಸಪ್ಪನ ಗಾಡಿ.
ಚುನಮರಿಗೆ ಹುಳಿ ಬಿದ್ದ ಸಪ್ಪಳ ಕೇಳಿದ್ರ
ಮಾತು ನಿಲ್ಲಸು, ತಿನ್ನು.
ಎರಡು ನಿಮಿಷ ತಡಾ ಆದ್ರ ಮೆತ್ತಗಾಗತೈತಿ.
ಮಿರ್ಚಿ ತೊಗೋ, ಆದರ ಒಂದ.
ನಮ್ಮ ಹೊಟ್ಟಿಗೂ ಅರವತ್ತೆರಡು.

ಚಹಾಕ್ಕ ನಮ್ಮ ಎಕ್ಸ್‌ಚೇಂಜಿನ ಎದುರಿಗೆ ಅಂತೀ.
ದಾವಲಣ್ಣನ ಅಂಗಡಿ ಇಲ್ಲ.
ರಸ್ತಾ ಅಗಲ ಮಾಡೂ ಮುಂದ ಅರ್ಧ ಹೋತು,
ಉಳದ ಅರ್ಧದಾಗ ಮೊಬೈಲಿಗೆ ಗ್ಲಾಸ್ ಅಂಟಸ್ತಾರ.
ಮಾರಿ ಸಣ್ಣದ ಮಾಡಬ್ಯಾಡ.
ಖರೇ ಹೇಳಲೇನು? ಆ ಚಹಾ ಚಲೋ ಇರಲಿಲ್ಲ.
ಎರಡು ಸಲ ಕುದಿಸಿದ ಪುಡಿ, ಹೊಗಿ ವಾಸನಿ ಹಾಲು.
ರಾತ್ರಿ ಎರಡಕ್ಕ
“ಗದಗ, ಮಾತಾಡ್ರಿ... ಮೂರು ನಿಮಿಷ ಆತ್ರಿ...” ಅನಕೋತ
ಮಂದಿ ಹಡದದ್ದು, ಸತ್ತದ್ದು,
ಹತ್ತಿ ದರಾ ಇಳದದ್ದು ಎಲ್ಲಾ ದಾಟಿಸಿ
ಕಿವಿ ಕೆಂಪಗ ಮಾಡಿಕೊಂಡು ಹೊರಗ ಬಂದ್ರ
ಬಿಸಿ ಇದ್ರ ಸಾಕಿತ್ತು ನಮಗ.

ಚಲೋ ಚಹಾ ಈಗ ಐತಿ.
ಚಿಗರಿ ಬಸ್ಸು ಹತ್ತು, ಉಣಕಲ್ಲಿಗೆ ಇಳಿ,
ಕೆರಿ ಕಡೆ ಹತ್ತು ಹೆಜ್ಜಿ.
ಇಬ್ಬರು ಹುಡುಗ್ಯಾರು, ಜುಬೇದಾ, ಮಹಾನಂದಾ.
ಒಬ್ಬಾಕಿ ಶುಂಠಿ ಜಜ್ಜತಾಳ, ಒಬ್ಬಾಕಿ ರೊಕ್ಕ ಎಣಸ್ತಾಳ.
ಇಬ್ಬರೂ ಜಗಳಾಡಿದ ದಿನ ಚಹಾ ಇನ್ನೂ ಖಡಕ್.
ನೋಡಿದ್ರ ನಿನಗ ಯಾರ ನೆನಪಾಗತೈತಿ, ನಾ ಹೇಳೂದಿಲ್ಲ.

ಗೋಕುಲ ರೋಡಿಗೆ ಸೊಸಿ ಒಮ್ಮೆ ಕರಕೊಂಡು ಹೋಗಿದ್ಲು,
ಐದನೇ ಮಜಲಿ, ಮ್ಯಾಲೆ ಬಯಲು.
ಮಜ್ಜಿಗಿ ಕೇಳಿದೆ.
ಉಪ್ಪಿನಕಾಯಿ ಬರಣಿಯಂಥಾದ್ರಾಗ
ಪುದೀನಾ ಗಿಡಾನ ನೆಟ್ಟು ತಂದ್ರು. ನೂರಾ ಎಂಬತ್ತು.
ಮೂಗು ಮುರದೆ. ಆದರ ತಳಗ ನೋಡಿದ್ನೆವ್ವ,
ಕಂಬದ ಮ್ಯಾಲೆ ಕಂಬ, ದೀಪದ ಹಿಂದ ದೀಪ,
ನಮ್ಮ ಊರು ನನಗ ಗುರ್ತು ಸಿಗವಲ್ದು,
ಚಂದ ಕಾಣತಿತ್ತು.
ಹೋಗೂಣು. ರೊಕ್ಕ ನೀ ಕೊಡು.

ಊಟಕ್ಕ ಮಾತ್ರ ನಿಮ್ಮ ಮಂದಿಯ ಖಾನಾವಳಿನ.
ನೀ ಸಾವಜಿ, ನಾ ಲಿಂಗಾಯತರಾಕಿ.
ಪರದೆ ಎಳದು ಕುಂತು
ತುಂಡು ನಿನಗ, ಎಸರು ನನಗ ಅಂತ
ಕರಾರು ಮಾಡಿಕೊಂಡಿದ್ವಿ, ಐತೇನು ನೆನಪು?
ಮೂರು ಸಲ ಸಾಬಾಣ ಹಚ್ಚಿ ತೊಳದ ಬೆರಳನ್ನ
ನಮ್ಮವ್ವ ಮೂಸಿ ನೋಡಿದ್ಲು.
ಏನೂ ಅನಲಿಲ್ಲ.
ಮರುದಿನ ನನ್ನ ಡಬ್ಬಿಗೆ
ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದ್ಲು.

ಈಗ ಪರದೆ ತಗದಾರ, ಟೈಲ್ಸ್ ಹಾಕ್ಯಾರ.
ಎಸರು ಅದ ಕೆಂಪು.
ಈ ಸಲ ನಾ ತುಂಡೂ ತಿಂತೀನಿ,
ಮೂಸಿ ನೋಡಾಕ ಯಾರದಾರ?

ಕುಡ್ಯೂ ನೀರು ಅಷ್ಟ ಕೇಳಬ್ಯಾಡ.
ಊರಿಗೆಲ್ಲಾ ದೀಪಾ ಹಚ್ಚಿದ್ರೂ
ನಮ್ಮ ಓಣಿಗೆ ನಳಾ ಎಂಟು ದಿನಕ್ಕೊಮ್ಮೆ.
ನೀ ಬರೂದು ಬುಧವಾರ, ನೀರು ಬರೂದು ಗುರುವಾರ ನಸಿಕಿಗೆ.
ಒಂದಿನ ಹೆಚ್ಚಿಗೆ ಇರು, ಕೊಡಾ ಹಿಡ್ಯಾಕ ಒಬ್ಬಾಕಿ ಬೇಕು.

ಯಾಕ ಬರಾಕತ್ತೀ ಅಂತ ನೀ ಹೇಳಲಿಲ್ಲ.
ಕೇಳಿಯೂ ಕೇಳದ್ಹಂಗ ಇರೂ ನೌಕರಿ ಮಾಡೀನಿ,
ನಾನೂ ಕೇಳಲಿಲ್ಲ.
ಉಂಡ ಮ್ಯಾಲೆ ಹೇಳಂತಿ.
ಮೂರು ನಿಮಿಷ ಆಗಲೇ ದಾಟೇತಿ, ಕುಸುಮಾ,
ಮಾತಾಡು,
ಲೈನ್ ಕಡ್ಯಾವರು ಯಾರೂ ಇಲ್ಲ.